ಗಂಗಣ್ಣ ಮೇಷ್ಟ್ರ ಮೇಲಿನ ಸಾ

ಪಿಂಚಣಿಯ ಕಾಗದದಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಎಂದು ಮೂರನೆಯ ಸಲ ಖಜಾನೆ ಕಚೇರಿಗೆ ಕರೆಸಿದ್ದರು. ಹೋದರೆ, ಸಹಿ ಹಾಕಬೇಕಾದವರು ಊಟಕ್ಕೆ ಎದ್ದಿದ್ದರು. ಮೂರು ಗಂಟೆಗೆ ಬನ್ನಿ ಎಂದರು. ಅಲ್ಲಿಯ ಬೆಂಚಿನ ಮೇಲೆ ಕೂತು ಗೋಡೆ ನೋಡುವ ಬದಲು ತುಮಕೂರಿನ ಹಳೇ ಪೇಟೆಯ ಕಡೆಗೆ ಕಾಲೆಳೆದುಕೊಂಡು ಹೊರಟೆ. ಒಂದು ಗಲ್ಲಿಯ ತಿರುವಿನಲ್ಲಿ ಆ ವಾಸನೆ ಬಂತು. ಬಡಗಿಗಳು ಮರ ಅಂಟಿಸಲು ಕಾಯಿಸುವ ವಜ್ರದ ಅಂಟು, ಹಳೇ ಚರ್ಮ, ಉಜ್ಜಿದ ಹಿತ್ತಾಳೆ, ಎಷ್ಟೋ ವರ್ಷ ಮುಚ್ಚಿಟ್ಟ ಪೆಟ್ಟಿಗೆಯ ಧೂಳು, ಇವೆಲ್ಲ ಸೇರಿದ ವಾಸನೆ. ಹಾರ್ಮೋನಿಯಂ ಬಿಚ್ಚಿದಾಗಲಷ್ಟೇ ಅದು ಬರುವುದು. ಹದಿನಾರು ವರ್ಷ ನಾನು ಆ ಗಲ್ಲಿಯನ್ನು ತಪ್ಪಿಸಿಕೊಂಡೇ ಓಡಾಡಿದ್ದೆ. ಅವತ್ತು ಮಂಡಿ ನೋಯುತ್ತಿತ್ತು, ಸುತ್ತು ಹಾದಿ ಹಿಡಿಯುವ ತ್ರಾಣವಿರಲಿಲ್ಲ.

ತೊಂಬತ್ತಮೂರನೇ ಇಸವಿಯ ಮಳೆಗಾಲದಲ್ಲಿ ನನಗೆ ನಲವತ್ತನಾಲ್ಕು. ಗುಬ್ಬಿಯ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದೆ. ಹೇಳುತ್ತಿದ್ದೆ ಎನ್ನುವುದು ದೊಡ್ಡ ಮಾತು. ಇತಿಹಾಸ, ಅರ್ಥಶಾಸ್ತ್ರದ ಜೊತೆಗೆ ಮೂರನೆಯದೊಂದು ವಿಷಯ ಬೇಕಲ್ಲ ಎಂದು ಸೇರಿದ ಒಂಬತ್ತು ಮಕ್ಕಳು, ಅವರಲ್ಲಿ ಆರು ಜನ ಬಸ್ಸು ತಪ್ಪಿದ ದಿನ ಬರುತ್ತಿರಲಿಲ್ಲ. ತುಮಕೂರಿನಲ್ಲಿ ಬಾಡಿಗೆ ಮನೆ, ಬೆಳಗಿನ ರೈಲಿನಲ್ಲಿ ಗುಬ್ಬಿ, ಸಂಜೆ ಸಿಕ್ಕ ಬಸ್ಸಿನಲ್ಲಿ ವಾಪಸ್ಸು. ಆ ವರ್ಷ ಜೋರು ಮಳೆ ಬೀಳಲೇ ಇಲ್ಲ. ದಿನವಿಡೀ ಜಿಟಿಜಿಟಿ ಹನಿ, ಸೀರೆಯ ಅಂಚು ಸಂಜೆವರೆಗೂ ಒದ್ದೆ. ಪ್ರಿನ್ಸಿಪಾಲರು ವಾರಕ್ಕೊಮ್ಮೆ, "ಮೇಡಂ, ನಿಮ್ಮ ಸಬ್ಜೆಕ್ಟು ಈ ವರ್ಷ ಉಳ್ಕೊಳ್ತು, ಮುಂದಿನ ವರ್ಷ ಗೊತ್ತಿಲ್ಲ" ಎಂದು ನೆನಪಿಸುತ್ತಿದ್ದರು. ಒಳ್ಳೆಯ ಮನುಷ್ಯ, ಕೇಡು ಬಯಸಿ ಹೇಳಿದ್ದಲ್ಲ.

ನನ್ನ ಹತ್ತಿರ ಇದ್ದ ಒಂದೇ ಒಂದು ಆಸೆಯೆಂದರೆ ಪಿಎಚ್.ಡಿ. ಏಳು ವರ್ಷದಿಂದ ಎಳೆದುಕೊಂಡು ಬಂದಿದ್ದೆ. ಚಿಕ್ಕಂದಿನಲ್ಲಿ ಸಂಗೀತ ಕಲಿತವಳು ನಾನು. ಹಾಡಿನ ಕಛೇರಿಗೆ ಸಾಲುವಷ್ಟು ಕಂಠವಿರಲಿಲ್ಲ, ಆದರೆ ಕಿವಿ ಇತ್ತು. ಶ್ರುತಿಪೆಟ್ಟಿಗೆಯಿಲ್ಲದೆ ಯಾವ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೂ ಒಂದೇ ಜಾಗದಲ್ಲಿ ಸಾ ಹಿಡಿಯುತ್ತಿದ್ದೆ. ಆ ಜಂಬವೇ ಮುಂದೆ ನನ್ನ ತತ್ತ್ವಶಾಸ್ತ್ರವಾಯಿತು. ಹಾಡುವವರಿರಲಿ ಬಿಡಲಿ, ಕೇಳುವವರಿರಲಿ ಬಿಡಲಿ, ಸರಿಯಾದ ಸ್ವರ ಎನ್ನುವುದೊಂದು ತನ್ನಷ್ಟಕ್ಕೆ ತಾನು ಇದ್ದೇ ಇರುತ್ತದೆ, ನಾವು ಅದನ್ನು ಮುಟ್ಟುತ್ತೇವೆ ಅಥವಾ ತಪ್ಪುತ್ತೇವೆ, ಇದು ನನ್ನ ವಾದ. ಮೂರು ಅಧ್ಯಾಯ ಬರೆದಾಗಿತ್ತು. ಮೈಸೂರಿನಲ್ಲಿದ್ದ ನನ್ನ ಮಾರ್ಗದರ್ಶಕರು, "ಬರೀ ತರ್ಕ ಆಯ್ತಮ್ಮ, ನಾಲ್ಕನೇ ಅಧ್ಯಾಯಕ್ಕೆ ಜೀವಂತ ಉದಾಹರಣೆ ಒಂದು ತಗೊಂಡು ಬಾ. ಡಿಸೆಂಬರ್ ಒಳಗೆ ಮುಗಿಸಿದರೆ ಇಲ್ಲಿ ಒಂದು ಹುದ್ದೆ ಖಾಲಿ ಆಗ್ತಾ ಇದೆ" ಎಂದಿದ್ದರು. ಆ ಹುದ್ದೆಯನ್ನು ನಾನು ಎಷ್ಟು ಬಯಸಿದ್ದೆನೆಂದರೆ, ರೈಲಿನಲ್ಲಿ ಕೂತಾಗ ಅಲ್ಲಿಯ ಗ್ರಂಥಾಲಯದ ಕಿಟಕಿಗಳನ್ನು ಮನಸ್ಸಿನಲ್ಲೇ ತೆರೆದು ಮುಚ್ಚುತ್ತಿದ್ದೆ.

ಜೀವಂತ ಉದಾಹರಣೆ ಒಂದು ಸಂಜೆ ಬಸ್ಸಿನಲ್ಲೇ ಸಿಕ್ಕಿತು. ಗುಬ್ಬಿಯಲ್ಲಿ ಹತ್ತಿದೆ, ಖಾಲಿಯಿದ್ದ ಒಂದೇ ಸೀಟಿನ ಪಕ್ಕದಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ತೊಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. ಮಗುವಿಗೆ ಹೊದಿಸಿದಂತೆ ಅದಕ್ಕೊಂದು ಟವೆಲ್ಲು. ಚೇಳೂರಿನ ಗಂಗಣ್ಣ ಮೇಷ್ಟ್ರು. ಹಳ್ಳಿಗಳಲ್ಲಿ ರೈತರಿಗೆ ಪೌರಾಣಿಕ ನಾಟಕ ಕಲಿಸುವವರು. ಒಂದು ಊರಿನಲ್ಲಿ ಮೂರು ನಾಲ್ಕು ತಿಂಗಳು, ಹಾಡು, ಮಾತು, ಹೆಜ್ಜೆ ಎಲ್ಲ ಹೇಳಿಕೊಟ್ಟು, ಆಟ ಆದ ಮೇಲೆ ಇನ್ನೊಂದು ಊರು. ಮೂವತ್ತೈದು ವರ್ಷದಿಂದ ಅದೇ ಕೆಲಸ.

"ತಿದಿ ಗಾಳಿ ಬುಡ್ತಾ ಐತೆ. ಅದ್ಕೇ ತುಮ್ಕೂರಿಗೆ, ದಸ್ತಗೀರ್ ಸಾಬ್ರ ತಾವ್ಕೆ" ಎಂದರು. "ನೀವೂ ಹಾಡ್ತೀರಾ ಮೇಡಮ್ನೋರೇ?"

"ಹಾಡಲ್ಲ. ಹಾಡಿನ ಬಗ್ಗೆ ಬರೀತೀನಿ."

"ಅದೂ ಒಂದ್ ಕೆಲ್ಸಾನಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. ನನ್ನ ಇಡೀ ವೃತ್ತಿಯ ಬಗ್ಗೆ ಅಷ್ಟು ನೇರವಾಗಿ ಕೇಳಿದವರು ಅವರೊಬ್ಬರೇ.

ಬಸ್ಸಿಳಿದು ಅವರ ಜೊತೆಯಲ್ಲೇ ಸಾಬರ ಅಂಗಡಿಗೆ ಹೋದೆ. ದಸ್ತಗೀರ್ ಸಾಬರಿಗೆ ಆಗ ಐವತ್ತರ ಆಸುಪಾಸು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಸಣ್ಣ ಅರ. ಹಾರ್ಮೋನಿಯಂ ಬಿಚ್ಚಿ, ಗಾಳಿ ಒತ್ತುವ ತಿದಿಯ ತೂತಿಗೆ ಚರ್ಮ ಅಂಟಿಸುತ್ತ, ನಾನು ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು. ಒಳಗಿರುವ ರೀಡು ಎಂದರೆ ಹಿತ್ತಾಳೆಯ ಪುಟ್ಟ ನಾಲಿಗೆ. ತುದಿಯಲ್ಲಿ ಉಜ್ಜಿದರೆ ಹಗುರಾಗಿ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಸ್ವರ ಇಳಿಯುತ್ತದೆ. ಅವರ ವಿದ್ಯೆಯೆಲ್ಲ ಆ ಎರಡು ಜಾಗಗಳಲ್ಲಿತ್ತು. ಪೆಟ್ಟಿಗೆ ಜೋಡಿಸಿದ ಮೇಲೆ ಮೇಷ್ಟ್ರು ಪರೀಕ್ಷೆಗೆಂದು ನಾಟಕದ ಒಂದು ಹಾಡು ಹೇಳಿದರು. ತುಂಬಿದ ಕಂಠ. ನನ್ನ ಬಳಿಯಿದ್ದ ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡೆ. ಮನೆಗೆ ಹೋಗಿ ಕೇಳಿದಾಗ ನನ್ನ ಕಿವಿ ಕುಟುಕಿತು. ಇಡೀ ಪೆಟ್ಟಿಗೆಯೇ ಇರಬೇಕಾದ್ದಕ್ಕಿಂತ ಅರ್ಧ ಮನೆ ಕೆಳಗಿತ್ತು. ಒಂದೊಂದು ಕೀಲಿಗೆ ಮನೆ ಎನ್ನುತ್ತಾರೆ, ಪಕ್ಕದ ಕೀಲಿಗೆ ಹೋಗುವ ಅಂತರದಲ್ಲಿ ಅರ್ಧದಷ್ಟು. ಮೇಲಿನ ಸಾ ಅಂತೂ ಇನ್ನೂ ತುಸು ಜಾರಿತ್ತು.

ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆಯನ್ನು ಸರಿಯಾದ ಸ್ವರಕ್ಕೆ ತಂದು, ಅದೇ ಹಾಡನ್ನು ಅವರಿಂದಲೇ ಮತ್ತೆ ಹಾಡಿಸಿ, ಎರಡು ಕ್ಯಾಸೆಟ್ಟನ್ನೂ ಪಕ್ಕಪಕ್ಕ ಇಟ್ಟರೆ ನಾಲ್ಕನೇ ಅಧ್ಯಾಯ ಆದಂತೆಯೇ. ಮುಂದಿನ ವಾರ ಫಿಸಿಕ್ಸ್ ಲ್ಯಾಬಿನವರನ್ನು ಕಾಡಿ ಶ್ರುತಿಕವೆಗಳ ಡಬ್ಬಿ ಇಸಿದುಕೊಂಡೆ. ಮರದ ಮೇಲೆ ಬಡಿದರೆ ಒಂದೊಂದೂ ಒಂದೇ ಒಂದು ಸ್ವರ ಹೇಳುವ ಉಕ್ಕಿನ ಕವೆಗಳು. ಮೇಷ್ಟ್ರನ್ನು ಪೆಟ್ಟಿಗೆಯ ಸಮೇತ ಸಾಬರ ಅಂಗಡಿಗೆ ಕರೆಸಿದೆ. "ನಿಮ್ಮ ಹಾರ್ಮೋನಿಯಂ ಸ್ವರ ಇಳಿದುಹೋಗಿದೆ ಮೇಷ್ಟ್ರೇ. ನಾನು ಸರಿಮಾಡಿಸಿ ಕೊಡ್ತೀನಿ" ಎಂದೆ.

ಸಾಬರು ಅರ ಕೆಳಗಿಟ್ಟರು. "ಬ್ಯಾಡ ಮೇಡಂ. ಹಳೇ ರೀಡು. ಹಿಂಗೇ ಇರ್ಲಿ."

"ಹಳೇದಾದರೆ ಏನು, ಉಜ್ಜಿದರೆ ಬರತ್ತಲ್ಲ?"

"ಬರ್ತದೆ. ಆದ್ರೂ..." ಎಂದು ಮೇಷ್ಟ್ರ ಮುಖ ನೋಡಿದರು, ಕವೆಯ ಡಬ್ಬಿ ನೋಡಿದರು.

ಮೇಷ್ಟ್ರು ಪೆಟ್ಟಿಗೆಯನ್ನು ಸಾಬರ ಮುಂದಕ್ಕೆ ಸರಿಸಿದರು. "ಓದಿದೋರು. ನಮ್ಮ ಒಳ್ಳೇದಕ್ಕೇ ಹೇಳ್ತಾವ್ರೆ. ಮಾಡಿ ಸಾಬ್ರೆ" ಎಂದರು.

ಎರಡು ದಿನ ಕೂತು ಮಾಡಿಸಿದೆ. ನಾನು ಕವೆ ಬಡಿಯುವುದು, ಸಾಬರು ತುದಿ ಉಜ್ಜುವುದು. ಕವೆಯಿಲ್ಲದಿದ್ದರೂ ನನ್ನ ಸಾ ಕದಲುವುದಿಲ್ಲ ಎಂದು ನಡುವೆ ಜಂಬ ಕೊಚ್ಚಿಕೊಂಡೆ. ಒಂದು ಕೂದಲೆಳೆಯಷ್ಟೂ ಬಿಡಲಿಲ್ಲ. ಎಲ್ಲ ಸ್ವರವೂ ತಂತಮ್ಮ ಜಾಗಕ್ಕೆ ಬಂದು ನಿಂತಾಗ, ವರ್ಷಗಳ ನಂತರ ಮನೆ ಗುಡಿಸಿದಷ್ಟು ಸಮಾಧಾನವಾಯಿತು. ಸಾಬರು ಮಾತ್ರ ಆ ಎರಡು ದಿನ ಚಹಾ ಕುಡಿಯಿರಿ ಎಂದು ಕೂಡ ಹೇಳಲಿಲ್ಲ.

ಆಗ ಮೇಷ್ಟ್ರು ಬೆಳ್ಳಾವಿಯ ಹತ್ತಿರದ ಒಂದು ಹಳ್ಳಿಯಲ್ಲಿ ನಾಟಕ ಕಲಿಸುತ್ತಿದ್ದರು. ಭಾನುವಾರ ಮಧ್ಯಾಹ್ನ ಟೇಪ್ ರೆಕಾರ್ಡರ್ ಹಿಡಿದು ಅಲ್ಲಿಗೆ ಹೋದೆ. ಶಾಲೆಯ ಜಗಲಿ. ಹೊರಗೆ ರಾಗಿ ಹೊಲದ ಮೇಲೆ ಹನಿ ಬೀಳುತ್ತಿತ್ತು. ರಾಜನ ಪಾತ್ರದವನು, ಮಂತ್ರಿಯ ಪಾತ್ರದವನು, ಎಲ್ಲರೂ ಮಳೆಗೆ ಹೊದ್ದ ಕಂಬಳಿ ಕೊಪ್ಪೆ ಒದರಿ ಕೂತಿದ್ದರು. "ಮೇಡಮ್ನೋರು ಪೆಟ್ಗೆ ರೆಡಿ ಮಾಡ್ಸವ್ರೆ ಕಣ್ರಲಾ, ಕೇಳಿ ಈಗ" ಎಂದು ಹೇಳಿ ಮೇಷ್ಟ್ರು ಅದೇ ಹಾಡು ಎತ್ತಿಕೊಂಡರು. ಕೆಳಗಿನ ಸ್ವರಗಳಲ್ಲಿ ಏನೂ ತೊಂದರೆಯಾಗಲಿಲ್ಲ. ಮೇಲಿನ ಸಾ ಬಂದಾಗ ಕಂಠ ಅಲ್ಲಿಗೆ ಏರಲಿಲ್ಲ. ಹತ್ತಿರ ಹೋಗಿ ಬಿರುಕು ಬಿಟ್ಟಿತು. ಕೆಮ್ಮಿ ಮತ್ತೆ ಎತ್ತಿದರು. ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಮೂರನೇ ಸಲ ರಾಜನ ಪಾತ್ರದವನು ತಲೆ ತಗ್ಗಿಸಿ ನೆಲ ನೋಡತೊಡಗಿದ. ನನ್ನ ಟೇಪು ತಿರುಗುತ್ತಲೇ ಇತ್ತು. ನಿಲ್ಲಿಸಲು ನನಗೆ ಕೈ ಬರಲಿಲ್ಲ.

"ಗಂಟ್ಲು ಸರಿಯಿಲ್ಲ ಕಣ್ರಲಾ ಇವತ್ತು. ನೀರು ಬದ್ಲಾತು" ಎಂದು ಮೇಷ್ಟ್ರು ಪೆಟ್ಟಿಗೆಗೆ ಟವೆಲ್ಲು ಹೊದಿಸಿದರು. ಮುಂದಿನ ಭಾನುವಾರ ಅವರು ಬರಲಿಲ್ಲವಂತೆ. ಅದರ ಮುಂದಿನ ಭಾನುವಾರವೂ ಇಲ್ಲ. ತಮಗೆ ವಯಸ್ಸಾಯಿತು, ಬೇರೆ ಮೇಷ್ಟ್ರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರೆಂದು ಆ ಊರಿನಿಂದ ಕಾಲೇಜಿಗೆ ಬರುತ್ತಿದ್ದ ಹುಡುಗಿ ನನಗೆ ತಿಳಿಸಿದಳು.

ಕಾಲೇಜು ಮುಗಿಸಿ ನೇರ ಸಾಬರ ಅಂಗಡಿಗೆ ಹೋಗಿ, ಮೇಷ್ಟ್ರು ನಾಟಕ ಬಿಟ್ಟ ಸುದ್ದಿ ಹೇಳಿದೆ. ಅವರು ತಲೆಯೆತ್ತದೆ ಹೇಳಿದರು.

"ಹನ್ನೆರಡು ವರ್ಸದ ಹಿಂದೆ ಒಂದಿನ ಬಂದ್ರು ಮೇಡಂ. ಮೇಲಿನ ಸಾ ಸಿಗ್ತಾ ಇಲ್ಲ ಸಾಬ್ರೆ, ಪೆಟ್ಗೆ ಮಾರ್‍ಬುಡ್ತೀನಿ ಅಂದ್ರು. ಮಾರಿ ಏನ್ ಮಾಡ್ತೀರಾ ಅಂದೆ. ಪೆಟ್ಗೆ ಮ್ಯಾಲೆ ಕೈ ಇಟ್ಕಂಡು ಇಲ್ಲೇ ಕುಂತಿದ್ರು, ನೀವು ಕುಂತಿದೀರಲ್ಲ, ಇಲ್ಲೇ. ನಂಗೆ ನೋಡಕ್ಕಾಗ್ಲಿಲ್ಲ. ನಿಮ್ದು ಸರಿಗೈತೆ ಮೇಷ್ಟ್ರೆ, ರೀಡೇ ಏರ್‍ಬುಟ್ಟೈತೆ, ಇಳಿಸ್ಕೊಡ್ತೀನಿ ಅಂದೆ. ಬುಡದಲ್ಲಿ ಒಂದ್ ಗೀರು ಎಳ್ದೆ. ಹಾಡಿದ್ರು, ಸಿಕ್ತು. ಆಮೇಲೆ ವರ್ಸ ವರ್ಸ ತಿದಿ ನೋಡ್ಸಕ್ಕೆ ಬರೋರು. ಒಂದ್ ಹಾಡ್ ಹೇಳಿ ಅನ್ನೋನು. ಗಂಟ್ಲು ಎಲ್ಲೀಗಂಟ ಬರ್ತದೋ ನೋಡ್ಕಳೋನು, ಅಷ್ಟೇ ಇಳ್ಸೋನು. ತಬಲದೋರು ಪೆಟ್ಗೆಗೇ ಕೂಡುಸ್ಕತಾರೆ, ಅವ್ರಿಗೂ ಗೊತ್ತಾಗ್ಲಿಲ್ಲ."

"ಅವತ್ತು ನನಗೆ ಹೇಳಬಾರದಿತ್ತಾ?"

"ಅವ್ರ ಮುಂದೆ ಹೆಂಗ್ ಹೇಳ್ಲಿ ಮೇಡಂ?"

ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಸಾಬರು ಹನ್ನೆರಡು ವರ್ಷ ಒಂದೊಂದೇ ಗೀರಿನಲ್ಲಿ ಕಟ್ಟಿಕೊಟ್ಟಿದ್ದ ಕಂಠವನ್ನು ನಾನು ಎರಡು ದಿನದಲ್ಲಿ ಉಜ್ಜಿ ಹಾಕಿಸಿದ್ದೆ. ಅದೂ ಪಕ್ಕದಲ್ಲಿ ಕವೆ ಬಡಿಯುತ್ತ ಕೂತು, ಅವರ ಕೈಯಿಂದಲೇ. ಮೊದಲಿನ ಹಾಗೆ ಮಾಡಲು ಆಗುವುದೇ ಇಲ್ಲವೇ ಎಂದು ಕೇಳಿದೆ. ಉಜ್ಜಿದ ಹಿತ್ತಾಳೆ ವಾಪಸ್ಸು ಬರುವುದಿಲ್ಲ, ಆದರೆ ತುದಿಗೆ ಒಂದೊಂದು ಬೆಸುಗೆಯ ಹನಿ ಹಾಕಿದರೆ ಭಾರವಾಗಿ ಇಳಿಯುತ್ತದೆ ಎಂದರು. "ನಾನು ಮಾಡ್ತೀನಿ. ಆದ್ರೆ ಪೆಟ್ಗೆ ಇಲ್ಲೀಗೆ ಬರ್‍ಬೇಕು, ಅವ್ರೂ ಬರ್‍ಬೇಕು. ಯಾಕೆ ಅಂತ ಅವ್ರಿಗೆ ತಿಳೀಬಾರ್ದು. ಅದು ನಿಮ್ ಕೆಲ್ಸ."

ಅದೇ ವಾರ ಮೈಸೂರಿಗೆ ಹೋಗಿದ್ದೆ. ಮಾರ್ಗದರ್ಶಕರು ಎರಡೂ ಕ್ಯಾಸೆಟ್ಟು ಕೇಳಿದರು. ಎರಡನೆಯದರಲ್ಲಿ ಕಂಠ ಒಡೆಯುವ ಜಾಗವನ್ನು ಮತ್ತೆ ಮತ್ತೆ ತಿರುಗಿಸಿ ಕೇಳಿದರು. "ಇದು ನಿನ್ನ ಅದೃಷ್ಟ ಕಣಮ್ಮ. ಕಂಠ ಸೋತಿದೆ, ಸ್ವರ ಸೋತಿಲ್ಲ. ನಿನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇಷ್ಟು ಬರೆದುಕೊಡು, ಉಳಿದದ್ದು ನನಗೆ ಬಿಡು" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ವಾದ ಅಷ್ಟು ಚೆನ್ನಾಗಿ ನಿಂತಿತ್ತು. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಆ ಗ್ರಂಥಾಲಯದ ಕಿಟಕಿಗಳನ್ನು ನೆನೆದುಕೊಂಡೆ. ಬಾಗಿಲು ತೆರೆದೇ ಇತ್ತು. ಆ ಮುದುಕರನ್ನು ತುಳಿದುಕೊಂಡು ಒಳಗೆ ಹೋಗಬೇಕಿತ್ತು, ಅಷ್ಟೇ.

ಚೇಳೂರಿಗೆ ಹೋದಾಗ ಮಳೆ ಹಿಂದಾಗಿ ಬಿಸಿಲು ಬಂದಿತ್ತು. ಮೇಷ್ಟ್ರು ಜಗಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದರು, ಹೆಂಡತಿ ಪಕ್ಕದಲ್ಲಿದ್ದರು. ಮೇಷ್ಟ್ರು ಗಡ್ಡ ಬಿಟ್ಟಿದ್ದರು. ಪೆಟ್ಟಿಗೆ ಒಳಗೆ ಮೂಲೆಯಲ್ಲಿ, ಟವೆಲ್ಲಿನ ಮೇಲೆ ಒಂದು ಮೊರ ಇಟ್ಟಿದ್ದರು.

"ಮೇಷ್ಟ್ರೇ, ನನ್ನಿಂದ ತಪ್ಪಾಯ್ತು" ಎಂದೆ. "ಲ್ಯಾಬಿನ ಕವೆಗಳೇ ಸರಿ ಇರಲಿಲ್ಲ. ಹಳೇವು, ಸ್ವರ ಏರಿಬಿಟ್ಟಿವೆ. ನಾನು ನೋಡ್ಕೊಳ್ಳಲಿಲ್ಲ. ನಿಮ್ಮ ಪೆಟ್ಟಿಗೆ ಮೊದಲು ಇದ್ದದ್ದೇ ಸರಿ."

ಹುರುಳಿಯೊಳಗೆ ಓಡಾಡುತ್ತಿದ್ದ ಕೈ ನಿಂತಿತು. "ಎಷ್ಟ್ ಏರಿದ್ವು?"

"ಅರ್ಧ ಮನೆ."

"ಅರ್ಧ ಮನೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಾ ಹೇಳ್ಲಿಲ್ವೇನೇ? ಕವೇನೇ ಸರಿಯಿಲ್ಲ ಅಂತ ಅವತ್ತೇ ಹೇಳ್ದೆ, ನಂಬ್ಲಿಲ್ಲ ನೀನು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಬೈದರು. "ಓದಿದೋರು ಹಿಂಗ್ ಮಾಡಬಾರ್ದು ಮೇಡಂ. ಇನ್ನೊಬ್ರ ಪೆಟ್ಗೆಗೆ ಕೈ ಹಾಕಕ್ಕೆ ಮುಂಚೆ ನಮ್ ಸಾಮಾನು ನೆಟ್ಟಗೈತಾ ಅಂತ ನೋಡ್ಕಬೇಕು. ಏನ್ ಪಾಠ ಹೇಳ್ತೀರೋ ನೀವು ಮಕ್ಳಿಗೆ. ನಾನು ಒಂದೂವರೆ ತಿಂಗ್ಳು ಗಂಟ್ಲು ಹೋಯ್ತು ಅಂತ ಕಷಾಯ ಕುಡ್ದಿದೀನಿ." ಬೈಯುತ್ತ ಬೈಯುತ್ತ ಅವರ ದನಿ ತುಂಬಿಕೊಳ್ಳುತ್ತಿತ್ತು. ನಾನು ತಲೆ ತಗ್ಗಿಸಿ ಕೇಳಿದೆ. ಅಷ್ಟು ಸಂತೋಷವಾಗಿ ನನ್ನನ್ನು ಯಾರೂ ಬೈದಿಲ್ಲ. ಕೊನೆಗೆ ಅವರ ಹೆಂಡತಿಯೇ, "ಸಾಕು ಬುಡಿ, ಪಾಪ, ಅಷ್ಟ್ ದೂರದಿಂದ ಬಂದವ್ರೆ" ಎಂದು ನನಗೆ ಮಜ್ಜಿಗೆ ತಂದುಕೊಟ್ಟರು.

ಸಾಬರು ಬೆಸುಗೆ ಹಾಕಿ ಇಳಿಸಿದರು. ಮೇಷ್ಟ್ರು ಗಡ್ಡ ಬೋಳಿಸಿಕೊಂಡು ಬೆಳ್ಳಾವಿಯ ಕಡೆಗೆ ಹೋದರು, ನಾಟಕ ಆಯಿತು. ಮೊದಲನೇ ಕ್ಯಾಸೆಟ್ಟನ್ನು ಅವರಿಗೇ ಕೊಟ್ಟೆ. ಎರಡನೆಯದರ ಮೇಲೆ ನಮ್ಮ ಕಾಲೇಜಿನ ಹುಡುಗಿಯರ ಪ್ರಾರ್ಥನೆ ರೆಕಾರ್ಡ್ ಮಾಡಿಬಿಟ್ಟೆ. ನಾಲ್ಕನೇ ಅಧ್ಯಾಯ ಬರೆಯಲಾಗಲಿಲ್ಲ. ಕೂತರೆ ಒಂದು ಪುಟವಾಗುತ್ತಿತ್ತು, ಮೊರದ ಕೆಳಗಿದ್ದ ಆ ಪೆಟ್ಟಿಗೆ ನೆನಪಾಗುತ್ತಿತ್ತು, ಹರಿದು ಹಾಕುತ್ತಿದ್ದೆ. ಮಾರ್ಗದರ್ಶಕರು ಕೆಲವು ಪತ್ರ ಬರೆದು ಕೊನೆಗೆ ಬೇಸತ್ತು ಬಿಟ್ಟರು. ಆ ಹುದ್ದೆಗೆ ಬೇರೆಯವರು ಬಂದರು. ನನಗಿಂತ ಚಿಕ್ಕವರು, ನನಗಿಂತ ಚೆನ್ನಾಗಿ ಬರೆಯುವವರು.

ಪಿಎಚ್.ಡಿ. ಬಂದದ್ದು ಎಷ್ಟೋ ವರ್ಷದ ಮೇಲೆ, ಯಾರಿಗೂ ನೋವಾಗದಂಥ, ಯಾರೂ ಓದದಂಥ ಒಂದು ವಿಷಯದ ಮೇಲೆ. ಅಷ್ಟರಲ್ಲಿ ಕುಣಿಗಲ್ಲಿಗೆ ವರ್ಗವಾಗಿತ್ತು. ಅಲ್ಲಿ ತತ್ತ್ವಶಾಸ್ತ್ರವನ್ನು ತೆಗೆದರು. ನನಗೆ ಪರಿಸರ ಅಧ್ಯಯನ, ಎನ್ನೆಸ್ಸೆಸ್ ಕ್ಯಾಂಪು, ಪರೀಕ್ಷೆಯ ಉಸ್ತುವಾರಿ ಸಿಕ್ಕವು. ಸೌಂದರ್ಯಮೀಮಾಂಸೆಯ ವಿದ್ವಾಂಸೆ ಎಂದು ಯಾವುದೋ ಸೆಮಿನಾರಿನ ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದರು. ಆ ದಿನ ನಾನು ಕೆರೆಯ ಏರಿಯ ಮೇಲೆ ಮಕ್ಕಳಿಂದ ಪ್ಲಾಸ್ಟಿಕ್ ಆರಿಸುತ್ತಿದ್ದೆ, ಹೋಗಲಾಗಲಿಲ್ಲ. ಯಾರ ಮೇಲೂ ದೂರಿಲ್ಲ. ಸುಸ್ತು ಮಾತ್ರ ಇದೆ, ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಹಾಡುವುದನ್ನಂತೂ ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ.

ಅವತ್ತು ಗಲ್ಲಿಯ ತಿರುವಿನಲ್ಲಿ ನಿಂತವಳನ್ನು ಸಾಬರೇ ಒಳಗಿನಿಂದ ನೋಡಿ ಗುರುತು ಹಿಡಿದರು. "ಬನ್ನಿ ಮೇಡಂ" ಎಂದು ಹಳೇ ಸ್ಟೂಲು ಎಳೆದು ಹಾಕಿ, ಚಹಾಕ್ಕೆ ಹೇಳಿ ಕಳಿಸಿದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮುಂದೆ ಬಿಚ್ಚಿಟ್ಟಿದ್ದ ಪೆಟ್ಟಿಗೆಯ ಪಕ್ಕ ಒಂದು ಟವೆಲ್ಲು ಮಡಿಸಿತ್ತು. ನಾನು ಕೇಳುವ ಮೊದಲೇ, "ಮೇಷ್ಟ್ರದ್ದೇ" ಎಂದರು. "ಹೋದ್ ವರ್ಸ ತೀರ್‍ಕಂಡ್ರು. ಅವ್ರ ಮನೆಯೋರು ಊರಿನ ಇಸ್ಕೂಲಿಗೆ ಕೊಟ್ಟವ್ರೆ, ಪ್ರಾರ್ಥನೆಗೆ. ಮಕ್ಳ ಗಂಟ್ಲಿಗೆ ಸರಿಮಾಡ್ಕೊಡಿ ಅಂತ ಮೇಷ್ಟ್ರ ಹೆಂಡ್ರು ಹೇಳಿ ಕಳ್ಸವ್ರೆ."

"ಕೊನೆವರೆಗೂ ಹಾಡ್ತಾ ಇದ್ರಾ?"

"ಹಾಡ್ತಾ ಇದ್ರು. ಕಡೇ ವರ್ಸ ಇನ್ನೊಂದ್ ಮನೆ ಇಳಿಸ್ದೆ" ಎಂದು ರೀಡುಗಳ ತುದಿಯ ಬೆಸುಗೆಯ ಹನಿಗಳನ್ನು ತೋರಿಸಿದರು. ಒಂದರ ಮೇಲೊಂದು ಕೂತು ಸಾಸಿವೆಯಷ್ಟು ದಪ್ಪವಾಗಿದ್ದವು. ಅವರು ಅವನ್ನು ಕಾಯಿಸಿ ತೆಗೆಯುತ್ತ ಹೋದರು. ನಾನು ರೀಡುಗಳನ್ನು ಸಾಲಾಗಿ ಬಟ್ಟೆಯ ಮೇಲೆ ಜೋಡಿಸಿಕೊಟ್ಟೆ. ಮೊದಲನೇ ಸಾ ಜೋಡಿಸಿ, ತುದಿಯಲ್ಲಿ ಎರಡು ಸಲ ಉಜ್ಜಿ, ಒತ್ತಿ ನೋಡಿದರು.

"ಒಂದ್ಸಲ ಸಾ ಕೊಡಿ ಮೇಡಂ. ನಿಮ್ ಸಾ ಕದಲಲ್ಲ ಅಂತಿದ್ರಲ್ಲ."

ಬೇಡವೆನ್ನಬೇಕಿತ್ತು. ಆದರೆ ನನ್ನ ಬಗ್ಗೆ ನನಗೆ ಉಳಿದಿದ್ದ ನಂಬಿಕೆ ಅದೊಂದೇ. ಕಣ್ಣು ಮುಚ್ಚಿ, ಉಸಿರೆಳೆದು ಹಿಡಿದೆ. ಮೊದಲಿದ್ದ ಜಾಗದಲ್ಲೇ ಹಿಡಿದೆನೆಂದು ನನಗೆ ಅನುಮಾನವೇ ಇರಲಿಲ್ಲ. ಸಾಬರು ಮನೆ ಒತ್ತಿದರು. ನನ್ನ ದನಿಗೂ ರೀಡಿಗೂ ಕೂಡಲಿಲ್ಲ, ನಡುವೆ ಗೊರಗೊರ ನಡುಕ ಎದ್ದಿತು. ಪೆಟ್ಟಿಗೆಯ ದನಿ ನಿಂತಿತು. ಕಣ್ಣು ತೆರೆದಾಗ ಅವರು ನನ್ನನ್ನು ನೋಡುತ್ತಿರಲಿಲ್ಲ. ರೀಡನ್ನು ಬಿಚ್ಚಿ ಈ ಕಡೆಗೆ ತಿರುಗಿಸಿಕೊಂಡಿದ್ದರು. ಅರ ಬುಡದ ಮೇಲಿತ್ತು. ಒಂದೇ ಒಂದು ಗೀರು ಎಳೆದು, ಮತ್ತೆ ಜೋಡಿಸಿ, ಒತ್ತಿದರು. ನಾನು ಇನ್ನೊಮ್ಮೆ ಸಾ ಹಿಡಿದೆ.

"ಈಗ ಕೂಡ್ತು ನೋಡಿ" ಎಂದರು. "ನಿಮ್ದು ಸರಿಗೇ ಇತ್ತು ಮೇಡಂ. ರೀಡೇ ಏರ್‍ಬುಟ್ಟಿತ್ತು."

ಚಹಾ ಬಂತು. ನಾನು ಹೋದ ಮೇಲೆ ಮಕ್ಕಳಿಗಾಗಿ ಅದನ್ನು ಮತ್ತೆ ಏರಿಸುತ್ತಾರೆಂದು ನನಗೆ ಗೊತ್ತಿತ್ತು. ಮೂರು ಗಂಟೆಯಾಗಿತ್ತು, ಸಹಿ ಹಾಕುವವರು ಬಂದಿರುತ್ತಾರೆ ಎಂದೂ ಗೊತ್ತಿತ್ತು. ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತೆ.

"ಹೌದು ಸಾಬ್ರೆ" ಎಂದೆ. "ರೀಡೇ ಏರಿತ್ತು."